ಮಗಳಿಗೆ ಓಟದ ಪಂದ್ಯ ಅಂದ್ರೆ ಪ್ರಾಣ, ನಾವು ಏನು ಮಾಡಬೇಕು?

ತಿಪಟೂರು ಕಡೆಯ ಅಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ಮನೆಯವರು ತೆಂಗಿನ ತೋಟ ನೋಡಿಕೊಳ್ಳುತ್ತಾರೆ. ನಾನು ಮನೆಯಲ್ಲೇ ಬ್ಲೌಸ್, ಚೂಡಿದಾರ್ ಹೊಲಿಯುತ್ತೇನೆ. ಮಗಳು ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸ್, ಹನ್ನೆರಡು ತುಂಬಿದೆ. ಈ ವರ್ಷದ ಕ್ರೀಡಾಕೂಟದವರೆಗೆ ಅವಳಿಗೆ ಓಟದ ಮೇಲೆ ಇಷ್ಟು ಆಸೆ ಇದೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ.

ಹೋಬಳಿ ಮಟ್ಟಕ್ಕೆ ಅವಳ ಹೆಸರು ಕೊಟ್ಟಿದ್ದು ಥ್ರೋಬಾಲಿಗೆ ಮಾತ್ರ. 600 ಮೀಟರ್ ಓಡಬೇಕಿದ್ದ ಹುಡುಗಿಗೆ ಜ್ವರ ಬಂತು. ಪಿಇ ಮೇಷ್ಟ್ರು "ನೀನು ಓಡ್ತೀಯೇನಮ್ಮಾ" ಅಂತ ಕೇಳಿದರು, ಇವಳು ಹೂಂ ಅಂದಳು. ಥ್ರೋಬಾಲ್ ನೋಡೋಣ ಅಂತ ಹೋಗಿದ್ದ ನಾನು ಓಟ ನೋಡುವ ಹಾಗಾಯಿತು. ಹೈಸ್ಕೂಲ್ ಮೈದಾನ, ಸುಣ್ಣದ ಪುಡಿಯಲ್ಲಿ ಗೆರೆ ಹಾಕಿದ 200 ಮೀಟರ್ ಟ್ರ್ಯಾಕ್, ಮೂರು ಸುತ್ತು. ಬರಿಗಾಲಲ್ಲೇ ಓಡಿದಳು. ಸೀಟಿ ಊದಿದ ತಕ್ಷಣ ಎಲ್ಲರಿಗಿಂತ ಮುಂದೆ ಹೋದಳು. ಎರಡನೇ ಸುತ್ತಿನಲ್ಲೂ ಮುಂದೆಯೇ ಇದ್ದಳು. ಕೊನೇ ತಿರುವಿನಲ್ಲಿ ಇನ್ನೊಂದು ಶಾಲೆಯ ಹುಡುಗಿ ದಾಟಿಕೊಂಡು ಹೋದಳು. ಎರಡು ಮಾರು ಅಂತರ ಇರಬಹುದು, ಅಷ್ಟೇ. ಎರಡನೇ ಸ್ಥಾನ ಬಂತು.

ಅವತ್ತು ಸಂಜೆ ಮನೆ ಮುಂದಿನ ಮಣ್ಣಿನಲ್ಲಿ ಕಡ್ಡಿ ತಗೊಂಡು ಟ್ರ್ಯಾಕ್ ಬರೆದಳು. "ಅಮ್ಮಾ, ನಾನು ಇಲ್ಲಿದ್ದೆ. ಅವಳು ಇಲ್ಲಿಂದ, ನನ್ನ ಒಳಗಡೆಯಿಂದ ಬಂದಳು. ನಾನು ನೋಡಲೇ ಇಲ್ಲ." ಅದನ್ನೇ ಅವರಪ್ಪನಿಗೆ, ಅಜ್ಜಿಗೆ, ಪಕ್ಕದ ಮನೆಯವರಿಗೆ ತೋರಿಸಿದಳು. ಗೆದ್ದ ಹುಡುಗಿಯ ಮೇಲೆ ಒಂಚೂರೂ ಕೋಪ ಇಲ್ಲ. "ಎಷ್ಟು ಚೆನ್ನಾಗಿ ಬಂದಳು ಗೊತ್ತಾ" ಅಂತಾಳೆ!

ಆವತ್ತಿನಿಂದ ಇದೇ ಆಗಿದೆ. ಸುಮ್ನೆ ಓಡು ಅಂದರೆ ಅವಳಿಗೆ ಬೇಜಾರು. ಪಕ್ಕದಲ್ಲಿ ಯಾರಾದರೂ ಇರಬೇಕು. ಬೆಳಿಗ್ಗೆ ಕೆರೆ ಏರಿ ಮೇಲೆ ಅವಳ ಚಿಕ್ಕಪ್ಪನ ಮಗ ಸೈಕಲ್ ತುಳಿಯುತ್ತಾನೆ, ಇವಳು ಅವನ ಜೊತೆ ಪಂದ್ಯ. ಸಂಜೆ ಬೀದಿ ಮಕ್ಕಳನ್ನೆಲ್ಲ ಸೇರಿಸುತ್ತಾಳೆ. ಅವರು ಇವಳಿಗಿಂತ ನಿಧಾನ ಅಲ್ವಾ, ಅದಕ್ಕೆ ಒಬ್ಬೊಬ್ಬರನ್ನು ಒಂದೊಂದು ಕಡೆ ನಿಲ್ಲಿಸುತ್ತಾಳೆ. ಚಿಕ್ಕವಳನ್ನು ಲೈಟ್ ಕಂಬದ ಹತ್ತಿರ, ಅವಳಿಗಿಂತ ದೊಡ್ಡವಳನ್ನು ಅರಳಿಕಟ್ಟೆ ಹತ್ತಿರ, ತಾನು ಎಲ್ಲರಿಗಿಂತ ಹಿಂದೆ ನೀರಿನ ಟ್ಯಾಂಕ್ ಹತ್ತಿರ. ಸುಲಭವಾಗಿ ಗೆದ್ದುಬಿಟ್ಟರೆ ಮಾರನೇ ದಿನ ಅವರನ್ನು ಇನ್ನೂ ಮುಂದಕ್ಕೆ ನಿಲ್ಲಿಸುತ್ತಾಳೆ. ಕೊನೆಯಲ್ಲಿ ಎಲ್ಲರೂ ಒಟ್ಟಿಗೇ ದೇವಸ್ಥಾನದ ಮೆಟ್ಟಿಲು ಮುಟ್ಟುವ ಹಾಗೆ ಆದರೆ ಅವಳಿಗೆ ಸಮಾಧಾನ. ಅದನ್ನು ನಿಂತು ನೋಡಿದರೆ ನನಗೇ ಮೈ ಜುಮ್ ಅನ್ನುತ್ತದೆ.

ತಾಲ್ಲೂಕು ಮಟ್ಟಕ್ಕೆ ಅವಳನ್ನೂ ಕರೆದುಕೊಂಡು ಹೋದರು. ಐದನೆಯವಳಾಗಿ ಬಂದಳು. ಬಸ್ಸಿನಲ್ಲಿ ಪೂರ್ತಿ ಅತ್ತಳು, ರಾತ್ರಿ ಊಟ ಬೇಡ ಅಂದಳು. ನಮ್ಮ ಮನೆಯವರಿಗೆ ಅದೇ ಚಿಂತೆ. "ಇಷ್ಟು ಚಿಕ್ಕ ವಯಸ್ಸಿಗೆ ಗೆಲ್ಲಲೇಬೇಕು ಅನ್ನೋ ಹಠ ಒಳ್ಳೇದಲ್ಲ, ಇಲ್ಲಿಗೇ ನಿಲ್ಲಿಸೋಣ" ಅಂತಾರೆ. ಅತ್ತೆಯವರದು ಬೇರೆ ಚಿಂತೆ, ಚಡ್ಡಿ ಹಾಕಿಕೊಂಡು ಓಡುವುದರದ್ದು. ಅದಕ್ಕೆ ನಾನೇ ಹೊಸೈರಿ ಬಟ್ಟೆಯಲ್ಲಿ ಮೊಣಕಾಲಿನವರೆಗೆ ಬರುವ ಚಡ್ಡಿ ಹೊಲಿದುಕೊಟ್ಟೆ, ಆ ಮಾತು ಅಲ್ಲಿಗೆ ಮುಗಿಯಿತು. ಮನೆಯವರಿಗೆ ಏನು ಹೇಳಬೇಕು ಅಂತ ಮಾತ್ರ ತಿಳಿಯುತ್ತಿಲ್ಲ.

ಇನ್ನೂ ಮೂರು ವಿಷಯ. ಈಚೆಗೆ ಬೆಳಿಗ್ಗೆ ಎದ್ದಾಗ ಹಿಮ್ಮಡಿ ಊರದೆ ಬೆರಳ ಮೇಲೆ ನಡೆಯುತ್ತಾಳೆ, ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ತಾಲ್ಲೂಕು ಕೂಟದಲ್ಲಿ ಒಬ್ಬರು ಶಕ್ತಿಗೆ ಡಬ್ಬದ ಪುಡಿ ಕೊಡಿ ಅಂದರು, ಇನ್ನೊಬ್ಬರು ಕ್ರೀಡಾ ಹಾಸ್ಟೆಲ್‌ಗೆ ಸೇರಿಸಿಬಿಡಿ ಅಂದರು. ನನಗೆ ಅವಳ ಆಸೆ ಕಮರಬಾರದು. ಬೇರೆ ಯಾವ ಆಸೆಯೂ ನನಗಿಲ್ಲ. ತಿಳಿದವರು ಹೇಳಿ.

ಕಡೂರಿನ ಪಿಇ ಮೇಷ್ಟ್ರು ಬರೆದದ್ದು:

ನಮಸ್ಕಾರ ಮೇಡಂ. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ನೀವು ಬರೆದದ್ದನ್ನು ಎರಡು ಸಲ ಓದಿದೆ. ಓಡಿ ಬಂದ ಮೇಲೆ ಎಲ್ಲಿ ಕಳೆದುಕೊಂಡೆ ಅಂತ ಗೆರೆ ಎಳೆದು ತೋರಿಸುವ ಮಕ್ಕಳು ತೀರಾ ಕಮ್ಮಿ. ಹೆಚ್ಚಿನವರಿಗೆ "ಸುಸ್ತಾಯ್ತು ಸಾರ್" ಅನ್ನೋದು ಬಿಟ್ಟು ಇನ್ನೇನೂ ನೆನಪಿರುವುದಿಲ್ಲ. ನಿಮ್ಮ ಮಗಳು ಓಡುವಾಗಲೇ ಓಟವನ್ನು ನೋಡುತ್ತಿದ್ದಾಳೆ.

ಅವಳ ಚಿತ್ರದ ವಿಷಯಕ್ಕೇ ಬರುತ್ತೇನೆ. ಆ ಹುಡುಗಿ ಒಳಗಡೆಯಿಂದ ಬಂದಳು ಅಂದರೆ ನಿಮ್ಮ ಮಗಳು ಒಳಗೆರೆ ಬಿಟ್ಟು ಹೊರಗೆ ಓಡುತ್ತಿದ್ದಳು ಅಂತ ಅರ್ಥ. ಗೆರೆಯಿಂದ ಒಂದು ಮೀಟರ್ ಹೊರಗೆ ಓಡಿದರೆ ಒಂದು ಸುತ್ತಿಗೆ ಆರೂಕಾಲು ಮೀಟರ್ ಜಾಸ್ತಿ ಓಡಬೇಕಾಗುತ್ತದೆ. ಮೈದಾನ 200 ಮೀಟರಿನದಾಗಲಿ, 400 ಮೀಟರಿನದಾಗಲಿ, ಈ ಲೆಕ್ಕ ಬದಲಾಗುವುದಿಲ್ಲ. ಎರಡು ತಿರುವು ಸೇರಿದರೆ ಒಂದು ಪೂರ್ತಿ ವೃತ್ತ, ಅದರ ಸುತ್ತಳತೆ ಎರಡು ಪೈ ಆರ್. ಆರ್, ಅಂದರೆ ತ್ರಿಜ್ಯ, ಒಂದು ಮೀಟರ್ ಹೆಚ್ಚಿದರೆ ಸುತ್ತಳತೆ ಯಾವಾಗಲೂ ಎರಡು ಪೈ ಮೀಟರ್ ಮಾತ್ರ ಹೆಚ್ಚುತ್ತದೆ. ಮೂರು ಸುತ್ತಿಗೆ ಹತ್ತಿರ ಹತ್ತಿರ 19 ಮೀಟರ್ ಆಯಿತು. ಅವಳು ಸೋತದ್ದು ಎರಡು ಮಾರು, ಅಂದರೆ ನಾಲ್ಕು ಮೀಟರೂ ಇಲ್ಲ. ಪೂರ್ತಿ ಓಟ ಹೊರಗೇ ಓಡಿದ್ದಳೋ ಇಲ್ಲವೋ ನಾನು ನೋಡಿಲ್ಲ. ಆದರೆ ಅರ್ಧ ಓಡಿದ್ದರೂ ಆ ಅಂತರ ಅಲ್ಲೇ ಹೋಗಿರುತ್ತದೆ. ಇದನ್ನು ಅವಳಿಗೆ ಹೇಳಿ. ಜೊತೆಗೆ, ತಿರುವಿನಲ್ಲಿ ಯಾರನ್ನಾದರೂ ದಾಟುವುದು ದುಬಾರಿ, ನೇರ ದಾರಿ ಬರುವವರೆಗೆ ಮುಂದಿನವಳ ಬೆನ್ನಿಗೇ ಇದ್ದು ಆಮೇಲೆ ದಾಟು ಅಂತಲೂ ಹೇಳಿ. ಆದರೆ ಒಳಗೆರೆ ದಾಟಿ ಕಾಲಿಟ್ಟರೆ ಪಂದ್ಯದಿಂದ ಹೊರಗೆ ಹಾಕಬಹುದು, ಅದು ನೆನಪಿರಲಿ.

ಇನ್ನು ಮೊದಲ ಸುತ್ತು. 600 ಮೀಟರಿನಲ್ಲಿ ಈ ವಯಸ್ಸಿನ ಮಕ್ಕಳೆಲ್ಲ ನೂರು ಮೀಟರ್ ಓಟ ಅಂದುಕೊಂಡೇ ಬಿಡುತ್ತಾರೆ. ಮೂರನೇ ಸುತ್ತಿಗೆ ಕಾಲು ಮರದ ಕೊರಡಾಗುತ್ತದೆ. ನಾನು ನಮ್ಮ ಮಕ್ಕಳಿಗೆ ಸ್ಟಾಪ್‌ವಾಚ್ ತೋರಿಸದೆ ಮೂರು ಸುತ್ತು ಓಡಿಸಿ, "ಯಾವ ಸುತ್ತು ಬೇಗ ಓಡಿದೆ ಹೇಳು" ಅಂತ ಕೇಳುತ್ತೇನೆ. ಮೊದಮೊದಲು ತಪ್ಪು ಹೇಳುತ್ತಾರೆ. ಕೆಲವು ವಾರ ಹೋದ ಮೇಲೆ ಸೆಕೆಂಡ್ ಲೆಕ್ಕದಲ್ಲಿ ಹೇಳಲು ಶುರು ಮಾಡುತ್ತಾರೆ. ಇದು ಅವಳಿಗೂ ಇಷ್ಟ ಆಗುತ್ತದೆ, ಯಾಕಂದರೆ ಇದೂ ಒಂದು ಪಂದ್ಯವೇ.

ಎಷ್ಟು ಓಡಬೇಕು? ವಾರಕ್ಕೆ ಮೂರು ದಿನ, ಹೆಚ್ಚಂದರೆ ನಾಲ್ಕು. ಒಂದು ಸಲಕ್ಕೆ ಮುಕ್ಕಾಲು ಗಂಟೆ, ಆಟ ಎಲ್ಲ ಸೇರಿ. ದಿನಾ ಡಾಂಬರ್ ರಸ್ತೆಯಲ್ಲಿ ಕಿಲೋಮೀಟರ್‌ಗಟ್ಟಲೆ ಓಡಿಸಬೇಡಿ. ಥ್ರೋಬಾಲ್ ಬಿಡಿಸಬೇಡಿ. ಖೊ ಖೊ ಆಡುವ ತಂಡ ಊರಲ್ಲಿದ್ದರೆ ಕಣ್ಣು ಮುಚ್ಚಿ ಕಳಿಸಿ. ತಟ್ಟನೆ ಏಳುವುದು, ತಿರುಗುವುದು, ಬಗ್ಗುವುದು, ಎದುರಿನವರ ಕಾಲು ನೋಡಿ ಓಡುವುದು ಎಲ್ಲಾ ಅದರಲ್ಲೇ ಇದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊ ಖೊ ವಿಶ್ವಕಪ್ ಗೆದ್ದ ನಮ್ಮ ಮಹಿಳಾ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿ ಮೈದಾನದಲ್ಲಿ ಏನು ಬೆಳೆಯಬಹುದು ಅನ್ನೋದಕ್ಕೆ ದೂರ ಹೋಗಬೇಕಾಗಿಲ್ಲ.

ಅಥ್ಲೆಟಿಕ್ಸ್ ಫೆಡರೇಶನ್‌ನವರ ಅಂತರ ಜಿಲ್ಲಾ ಕಿರಿಯರ ಕೂಟ ಇದೆ, ನಿಡ್ಜಾಮ್ ಅಂತಾರೆ. ಅಲ್ಲಿ 14 ವರ್ಷದ ಒಳಗಿನವರಿಗೆ ಬರೀ ಒಂದು ಓಟ ಇಟ್ಟಿಲ್ಲ. 60 ಮೀಟರ್ ಓಟ, ಉದ್ದ ಜಿಗಿತ, ಅದರ ಜೊತೆ 600 ಮೀಟರ್ ಅಥವಾ ಎತ್ತರ ಜಿಗಿತ, ಹೀಗೆ ಮೂರನ್ನು ಸೇರಿಸಿ ಟ್ರಯಥ್ಲಾನ್ ಮಾಡಿದ್ದಾರೆ. ಚಿಕ್ಕ ಮಕ್ಕಳನ್ನು ಒಂದೇ ಓಟಕ್ಕೆ ಕಟ್ಟಿಹಾಕಬಾರದು ಅಂತಲೇ ಈ ಏರ್ಪಾಡು. ನಿಮ್ಮ ಮಗಳಿಗೆ ಉದ್ದ ಜಿಗಿತವನ್ನೂ ಕಲಿಸಲು ಮೇಷ್ಟ್ರಿಗೆ ಹೇಳಿ.

ಮನೆಯವರಿಗೆ ಹೇಳಬೇಕಾದದ್ದನ್ನು ನೀವೇ ಬರೆದಿದ್ದೀರಿ. ಗೆಲ್ಲಲೇಬೇಕು ಅನ್ನುವ ಹಠದ ಮಗು ಬೀದಿ ಮಕ್ಕಳನ್ನು ತನಗಿಂತ ಹಿಂದೆ ನಿಲ್ಲಿಸಿಕೊಳ್ಳುತ್ತಿತ್ತು. ಇವಳು ಮುಂದೆ ನಿಲ್ಲಿಸುತ್ತಾಳೆ. ಅವಳಿಗೆ ಬೇಕಾಗಿರುವುದು ಒಳ್ಳೆಯ ಪಂದ್ಯ. ಇಂಥ ಮಗುವನ್ನು ದಯವಿಟ್ಟು ನಿಲ್ಲಿಸಬೇಡಿ.

ಮೈಸೂರಿನ ಹಳೇ ಓಟಗಾರ್ತಿ ಬರೆದದ್ದು:

ತಂಗೀ, ನಾನು ಕಾಲೇಜಿನಲ್ಲಿ 800 ಮೀಟರ್ ಓಡುತ್ತಿದ್ದೆ. ಈಗ ಫಿಸಿಯೋಥೆರಪಿಸ್ಟ್. ಮೇಷ್ಟ್ರು ಹೇಳಿದ ಒಂದೊಂದು ಮಾತಿಗೂ ನನ್ನ ಒಪ್ಪಿಗೆ ಇದೆ. ನಾನು ಹಿಮ್ಮಡಿಯಿಂದ ಶುರು ಮಾಡುತ್ತೇನೆ.

ಅವಳನ್ನು ಕೂರಿಸಿ, ಹಿಮ್ಮಡಿಯ ಎರಡೂ ಪಕ್ಕ ಹೆಬ್ಬೆರಳು, ತೋರುಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಹಾ ಅಂದಳಾ? ಹಾಗಿದ್ದರೆ ಇದು ಬೆಳೆಯುವ ವಯಸ್ಸಿನ ಹಿಮ್ಮಡಿ ನೋವೇ ಇರಬಹುದು. ಸೀವರ್ಸ್ ಅನ್ನುತ್ತೇವೆ. ಹಿಮ್ಮಡಿ ಮೂಳೆ ಬೆಳೆಯುವ ಜಾಗ ಇನ್ನೂ ಗಟ್ಟಿಯಾಗಿರುವುದಿಲ್ಲ. ಮೀನಖಂಡದ ಸ್ನಾಯು ಅದನ್ನು ಮೇಲಕ್ಕೆ ಎಳೆಯುತ್ತಿರುತ್ತದೆ. ಓಡುವ, ಜಿಗಿಯುವ ಮಕ್ಕಳಿಗೆ ಎಂಟರಿಂದ ಹದಿನಾಲ್ಕರ ಒಳಗೆ ಇದು ತುಂಬಾ ಕಾಣಿಸುತ್ತದೆ. ಮೂಳೆ ಬೆಳೆದು ಮುಗಿದ ಮೇಲೆ ಹೋಗುತ್ತದೆ, ಹೆದರಬೇಡಿ. ಆದರೆ ನೋವಿನ ಮೇಲೆ ಓಡಿಸಬೇಡಿ. ಕೆಲವು ವಾರ ಓಟ, ಜಿಗಿತ ಕಮ್ಮಿ ಮಾಡಿ. ಸೈಕಲ್ ತುಳಿಯಲಿ. ಬಟ್ಟೆಯಲ್ಲಿ ಐಸ್ ಸುತ್ತಿ ಸಂಜೆ ಹತ್ತು ನಿಮಿಷ ಇಡಿ. ಈ ಸಮಯದಲ್ಲಿ ಬರಿಗಾಲು ಬೇಡ, ಹಿಮ್ಮಡಿಗೆ ಮೆತ್ತಗಿರುವ ಶೂ ಬೇಕು. ಕುಂಟುತ್ತಿದ್ದರೆ, ಊತ ಇದ್ದರೆ, ರಾತ್ರಿ ನೋವಿಗೆ ಎಚ್ಚರ ಆಗುತ್ತಿದ್ದರೆ, ಜ್ವರ ಇದ್ದರೆ ತಡ ಮಾಡದೆ ಮೂಳೆ ಡಾಕ್ಟರಿಗೆ ತೋರಿಸಿ. ಮುಂದೆ ಮೊಣಕಾಲ ಚಿಪ್ಪಿನ ಕೆಳಗೆ ಗಂಟು ಬಂದು ನೋಯಬಹುದು. ಅದೂ ಇದೇ ಜಾತಿಯದು.

ಪುಡಿ ಬೇಡ. ಹನ್ನೆರಡು ವರ್ಷದ ಮಗುವಿಗೆ ಯಾವ ಡಬ್ಬದ ಪುಡಿಯೂ ಬೇಡ. 2011ರಲ್ಲಿ ನಮ್ಮ ದೇಶದ 4x400 ರಿಲೇ ಓಟಗಾರ್ತಿಯರು ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಾಗ, ಕೋಚ್ ತಂದುಕೊಟ್ಟ ಜಿನ್ಸೆಂಗ್‌ನಿಂದ ಹೀಗಾಯಿತು ಅಂತ ಹೇಳಿಕೊಂಡರು. ಆದರೂ ನಿಷೇಧ ತಪ್ಪಲಿಲ್ಲ. ಅಷ್ಟು ದೊಡ್ಡವರಿಗೇ ಹಾಗಾದರೆ, ಮೈದಾನದಲ್ಲಿ ಯಾರೋ ಕೈಗಿಡುವ ಡಬ್ಬವನ್ನು ನಂಬುವುದು ಹೇಗೆ? ರಾಗಿ ಮುದ್ದೆ, ಹುರುಳಿ ಸಾರು, ಅವರೆಕಾಳು, ಕಡಲೆಕಾಯಿ, ಮೊಟ್ಟೆ ತಿನ್ನುವವರಾದರೆ ಮೊಟ್ಟೆ. ಮಕ್ಕಳು ಓಟಕ್ಕೆ ಮುಂಚೆ ಗ್ಲೂಕೋಸ್ ಪುಡಿ ಬಾಯಿಗೆ ಸುರಿದುಕೊಳ್ಳುವುದನ್ನು ಪ್ರತಿ ಕೂಟದಲ್ಲೂ ನೋಡುತ್ತೇನೆ. ಎರಡು ಮೂರು ನಿಮಿಷದ ಓಟಕ್ಕೆ ಅದರಿಂದ ಏನೂ ಆಗುವುದಿಲ್ಲ, ಗಂಟಲು ಒಣಗುತ್ತದೆ ಅಷ್ಟೇ. ಓಟಕ್ಕೆ ಎರಡು ಮೂರು ಗಂಟೆ ಮುಂಚೆ ಇಡ್ಲಿಯೋ ಅವಲಕ್ಕಿಯೋ ತಿಂದಿರಲಿ.

ರಕ್ತ ಪರೀಕ್ಷೆ ಮಾಡಿಸಿ, ಹಿಮೋಗ್ಲೋಬಿನ್ ನೋಡಿಸಿ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತ ಕಮ್ಮಿ ಇರುವುದು ತುಂಬಾ ಸಾಮಾನ್ಯ. ಓಡುವ ಹುಡುಗಿ ಮೂರನೇ ಸುತ್ತಿಗೆ ಸೋಲುತ್ತಿದ್ದರೆ ಕೆಲವು ಸಲ ಕಾರಣ ಅದೇ ಆಗಿರುತ್ತದೆ. ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ, ಅದನ್ನು ನುಂಗುತ್ತಾಳಾ ಕೇಳಿ. ಊಟದ ಜೊತೆ ಟೀ ಕಾಫಿ ಬೇಡ, ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ಸಾರಿಗೆ ನಿಂಬೆಹಣ್ಣು ಹಿಂಡಿ.

ಈಗ ಬಹಳ ಮುಖ್ಯವಾದದ್ದು ಹೇಳುತ್ತೇನೆ. ಇನ್ನೊಂದು ಎರಡು ವರ್ಷದಲ್ಲಿ ಅವಳ ಮೈ ಬದಲಾಗುತ್ತದೆ. ಎತ್ತರ, ತೂಕ, ಸೊಂಟ ಎಲ್ಲ. ಮುಟ್ಟು ಶುರುವಾಗುತ್ತದೆ. ಆಗ ಓಟದ ಟೈಮ್ ಒಂದು ವರ್ಷ ಹಾಗೇ ನಿಂತುಬಿಡಬಹುದು, ಹಿಂದಕ್ಕೂ ಹೋಗಬಹುದು. ಹುಡುಗರಿಗೆ ಅದೇ ವಯಸ್ಸಿನಲ್ಲಿ ಟೈಮ್ ಇಳಿಯುತ್ತಾ ಹೋಗುತ್ತದೆ. ಹುಡುಗಿಯರು ತಮ್ಮದೇ ತಪ್ಪು ಅಂದುಕೊಂಡು ಓಟ ಬಿಡುವುದು ಆಗಲೇ. ನನ್ನ ಜೊತೆಗೆ ಚೆನ್ನಾಗಿ ಓಡುತ್ತಿದ್ದ ಎಷ್ಟೋ ಹುಡುಗಿಯರು ಒಂಬತ್ತನೇ ಕ್ಲಾಸಿನಲ್ಲಿ ಬಿಟ್ಟರು. ಯಾರೂ ಅವರಿಗೆ ಇದು ಸಹಜ, ಇದು ದಾಟುತ್ತದೆ ಅಂತ ಹೇಳಲಿಲ್ಲ. ನೀನು ಈಗಲೇ ಹೇಳಿಡು. ತೂಕ ಇಳಿಸು ಅಂತ ಯಾರಾದರೂ ಹೇಳಿದರೆ ಅವರನ್ನು ಹತ್ತಿರ ಸೇರಿಸಬೇಡ. ಊಟ ಕಮ್ಮಿ ಮಾಡಿ ಓಡುವ ಹುಡುಗಿಗೆ ಮುಟ್ಟು ನಿಲ್ಲಬಹುದು, ಮೂಳೆ ದುರ್ಬಲ ಆಗಬಹುದು. ನೀನು ಹೊಲಿಯುವವಳಾದ್ದರಿಂದ ಇನ್ನೊಂದು ಮಾತು, ಓಡುವಾಗ ಹಾಕುವ ಬಿಗಿ ಬನಿಯನ್ ಅಥವಾ ಸ್ಪೋರ್ಟ್ಸ್ ಬ್ರಾ ಅವಳು ಕೇಳುವ ಮುಂಚೆಯೇ ತಂದಿಡು. ನಾಚಿಕೆಗೆ ಮೈದಾನ ಬಿಟ್ಟ ಹುಡುಗಿಯರನ್ನು ಕಂಡಿದ್ದೇನೆ.

ಬಸ್ಸಿನಲ್ಲಿ ಅತ್ತದ್ದಕ್ಕೆ ನನಗೆ ಏನೂ ಅನ್ನಿಸುವುದಿಲ್ಲ. ಅವಳಿಗೆ ಅದು ಅಷ್ಟು ಬೇಕಾಗಿತ್ತು, ಸಿಗಲಿಲ್ಲ, ಅತ್ತಳು. ಮಾರನೇ ದಿನ ಮತ್ತೆ ಮೈದಾನಕ್ಕೆ ಹೋದಳಾ? ಹೋಗಿದ್ದರೆ ಸಾಕು. 1984ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪಿ.ಟಿ. ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಪದಕ ಕಳೆದುಕೊಂಡಾಗ ನಾವು ಮನೆಮಂದಿಯೆಲ್ಲ ಅತ್ತಿದ್ದೇವೆ. ಆಮೇಲೆ ನಮ್ಮ ಕೊಡಗಿನ ಅಶ್ವಿನಿ ನಾಚಪ್ಪ ಓಟದಲ್ಲಿ ಅದೇ ಉಷಾ ಅವರನ್ನು ಹಿಂದೆ ಹಾಕಿದಾಗ, ನಾನು ಹುಡುಗಿ, ಮಂಚದ ಮೇಲೆ ಕುಣಿದಿದ್ದೆ. ಓಟವನ್ನು ಅಷ್ಟು ಹಚ್ಚಿಕೊಂಡವರಿಗೆ ಅಳುವೂ ಇರುತ್ತದೆ, ಕುಣಿತವೂ ಇರುತ್ತದೆ. ಅಳುವಾಗ "ಪರವಾಗಿಲ್ಲ ಬಿಡು, ಓಟ ಏನು ಮಹಾ" ಅನ್ನಬೇಡ. ಅವಳಿಗೆ ಅದು ಮಹಾ. ಪಕ್ಕದಲ್ಲಿ ಕೂತಿರು ಸಾಕು.

ತಿಪಟೂರು ಕಡೆಯ ಅಮ್ಮ:

ಮೇಷ್ಟ್ರೇ, ಅಕ್ಕಾ, ಇಬ್ಬರಿಗೂ ಕೈ ಮುಗಿಯುತ್ತೇನೆ. ಹಿಮ್ಮಡಿ ಒತ್ತಿದಾಗ ಹಾ ಅಂದಳು. ಎರಡೂ ಕಾಲು. ಸದ್ಯಕ್ಕೆ ಓಟ ನಿಲ್ಲಿಸಿ ಸೈಕಲ್ ಕೊಟ್ಟಿದ್ದೇವೆ, ಸೋಮವಾರ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆಯನ್ನೂ ಮಾಡಿಸುತ್ತೇನೆ.

ಮೇಷ್ಟ್ರು ಬರೆದ ಲೆಕ್ಕ ಓದಿ ಹೇಳಿದೆ. ಅವಳು ನಂಬಲಿಲ್ಲ. "ಚಿಕ್ಕ ಸುತ್ತಿಗೂ ದೊಡ್ಡ ಸುತ್ತಿಗೂ ಒಂದೇ ಹೇಗಾಗುತ್ತೆ" ಅಂತ ಜಗಳ. ತೋಟದ ಪಕ್ಕದ ಕಣದಲ್ಲಿ ಗೂಟ ಹೊಡೆದು, ಹಗ್ಗ ಕಟ್ಟಿ, ಒಂದು ವೃತ್ತ ಎಳೆದಳು. ಹಗ್ಗವನ್ನು ಒಂದು ಮೀಟರ್ ಉದ್ದ ಮಾಡಿ ಅದರ ಸುತ್ತ ಇನ್ನೊಂದು. ಆಮೇಲೆ ನನ್ನ ಹೊಲಿಗೆ ಟೇಪ್ ತಗೊಂಡು ಅವಳೂ ಅವಳ ತಂಗಿಯೂ ನೆಲದ ಮೇಲೆ ಕೂತು ಅಳೆದರು. ವ್ಯತ್ಯಾಸ ಆರು ಮೀಟರಿನ ಮೇಲೆ ಚೂರು ಬಂತು. ಹಗ್ಗ ಇನ್ನೂ ಉದ್ದ ಬಿಟ್ಟು ಮತ್ತೆ ಎರಡು ವೃತ್ತ ಎಳೆದು ಅಳೆದರು. ಮತ್ತೆ ಅಷ್ಟೇ! ಅವರಪ್ಪ ಕೊಬ್ಬರಿ ಸುಲಿಯುವುದನ್ನು ಬಿಟ್ಟು ಬಂದು, ಟೇಪಿನ ಇನ್ನೊಂದು ತುದಿ ಹಿಡಿದುಕೊಂಡರು. ನಿಲ್ಲಿಸೋಣ ಅನ್ನುವ ಮಾತು ಆಮೇಲೆ ಅವರ ಬಾಯಲ್ಲಿ ಬಂದಿಲ್ಲ.

ಮುಟ್ಟಿನ ವಿಷಯ ಅಕ್ಕ ಬರೆದದ್ದು ಒಳ್ಳೆಯದಾಯಿತು. ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಹಾಸ್ಟೆಲ್ ಬಗ್ಗೆ ತಿಳಿದವರು ಯಾರಾದರೂ ಇದ್ದೀರಾ?

ಹಾಸನದ ಅಪ್ಪ ಬರೆದದ್ದು:

ಅಕ್ಕಾ, ನನ್ನ ಮಗ ಇಲಾಖೆಯ ಕ್ರೀಡಾ ಹಾಸ್ಟೆಲ್‌ನಲ್ಲಿದ್ದಾನೆ, ಈಗ ಹತ್ತನೇ ಕ್ಲಾಸ್. ಇವನ್ನು ನಡೆಸುವುದು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ. ಆಯ್ಕೆಗೆ ಓಟ, ಜಿಗಿತ, ಎಸೆತ, ಎತ್ತರ ಎಲ್ಲ ನೋಡುತ್ತಾರೆ. ಪ್ರಕಟಣೆ ಪೇಪರಿನಲ್ಲಿ ಬರುತ್ತದೆ. ಆದರೆ ಪೇಪರ್ ಕಾಯುವುದಕ್ಕಿಂತ ತುಮಕೂರಿನ ಜಿಲ್ಲಾ ಕ್ರೀಡಾಂಗಣದಲ್ಲಿರುವ ಇಲಾಖೆಯ ಕಚೇರಿಗೆ ಹೋಗಿ ಕೇಳುವುದೇ ಒಳ್ಳೆಯದು.

ಒಳ್ಳೆಯದು ಏನೆಂದರೆ ಜೊತೆ. ಊರಲ್ಲಿ ನನ್ನ ಮಗನಿಗೆ ಸಮಕ್ಕೆ ಓಡುವವರು ಯಾರೂ ಇರಲಿಲ್ಲ, ಅಲ್ಲಿ ದಿನಾ ಇದ್ದಾರೆ. ನಿಮ್ಮ ಮಗಳ ಮನಸ್ಸು ನೋಡಿದರೆ ಅದು ದೊಡ್ಡ ವಿಷಯ. ಊಟ, ಓದು, ಬಟ್ಟೆ ಎಲ್ಲ ಅಲ್ಲೇ ಆಗುತ್ತದೆ.

ಆದರೆ ಎಲ್ಲಾ ಹಾಸ್ಟೆಲ್ ಒಂದೇ ಥರ ಇರುವುದಿಲ್ಲ. ಮೊದಲು ನಾವು ನೋಡಲು ಹೋಗಿದ್ದ ಒಂದು ಕಡೆ, ಹದಿಮೂರು ವರ್ಷದ ಮಕ್ಕಳನ್ನು ಬೆಳಿಗ್ಗೆ, ಸಂಜೆ ಎರಡೂ ಹೊತ್ತು, ವಾರಪೂರ್ತಿ ಓಡಿಸುತ್ತಿದ್ದರು. ಮೊಣಕಾಲಿನ ಕೆಳಗಿನ ಮುಂಭಾಗದ ಮೂಳೆ ನೋವು ಅಂತ ಅರ್ಧ ಮಕ್ಕಳು ಬ್ಯಾಂಡೇಜ್ ಸುತ್ತಿಕೊಂಡಿದ್ದರು. ಅಲ್ಲಿಗೆ ಸೇರಿಸಲಿಲ್ಲ. ಆದ್ದರಿಂದ ಮೊದಲು ಹೋಗಿ ನೋಡಿ, ಅದೂ ಹೇಳದೆ ಹೋಗಿ. ವಾರಕ್ಕೊಂದು ದಿನ ರಜೆ ಕೊಡುತ್ತಾರಾ, ಒಬ್ಬ ಕೋಚ್‌ಗೆ ಎಷ್ಟು ಮಕ್ಕಳು, ನೋವಾದರೆ ಯಾರಿಗೆ ತೋರಿಸುತ್ತಾರೆ ಕೇಳಿ. ಹೆಣ್ಣುಮಕ್ಕಳಿಗೆ ಮಹಿಳಾ ವಾರ್ಡನ್ ರಾತ್ರಿಯೂ ಅಲ್ಲೇ ಇರುತ್ತಾರಾ ಅಂತ ಕೇಳಿ. ಶೌಚಾಲಯದ ಚಿಲಕ ನೀವೇ ಹಾಕಿ ನೋಡಿ. ಮಕ್ಕಳ ಜೊತೆ ಬೇರೆ ನಿಂತು ಮಾತಾಡಿ. ಪ್ರದರ್ಶನ ಸಾಲದಿದ್ದರೆ ಮುಂದಿನ ವರ್ಷ ಉಳಿಸಿಕೊಳ್ಳದೆಯೂ ಇರಬಹುದು, ಅದಕ್ಕೂ ತಯಾರಿರಬೇಕು.

ನನ್ನ ಅಭಿಪ್ರಾಯ ಕೇಳಿದರೆ ಈ ವರ್ಷ ಬೇಡ. ಹಿಮ್ಮಡಿ ವಾಸಿಯಾಗಲಿ. ಅವಳಿಗೆ ನಿಮ್ಮಂಥ ಮನೆ ಇದೆ, ನೋಡಿಕೊಳ್ಳುವ ಮೇಷ್ಟ್ರು ಇದ್ದಾರೆ. ಮುಂದೆಯೂ ಅವಳೇ ಹೋಗಬೇಕು ಅಂದರೆ ಆಗ ನೋಡಿ. ಓಟಗಾರ ಉಸೇನ್ ಬೋಲ್ಟ್ ಕೂಡ ಚಿಕ್ಕವನಿದ್ದಾಗ ಕ್ರಿಕೆಟ್ ಆಡಿಕೊಂಡಿದ್ದವನೇ. ಕುಂದಾಪುರ ಕಡೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ ಬಂದದ್ದು ಕೃಷಿಕರ ಮನೆಯಿಂದ. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲೂ ರಿಲೇಯಲ್ಲೂ ಚಿನ್ನ ತಂದರು. ಹನ್ನೆರಡಕ್ಕೇ ಮನೆ ಬಿಡದಿದ್ದರೆ ಎಲ್ಲಾ ಕೈತಪ್ಪಿ ಹೋಗುತ್ತದೆ ಅಂತ ಹೆದರಿಸುವವರ ಮಾತು ಕೇಳಬೇಡಿ.

ಬದಲಿಗೆ ಒಂದು ಸಲ ಅವಳನ್ನು ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ರಾಜ್ಯ ಮಟ್ಟದ ಕೂಟ ನೋಡಲು ಕರೆದುಕೊಂಡು ಹೋಗಿ. ತಿಪಟೂರಿನಿಂದ ರೈಲಿದೆ. ಗ್ಯಾಲರಿಯಲ್ಲಿ ಕೂತು 800 ಮೀಟರ್ ಫೈನಲ್ ನೋಡಲಿ. ಮೊದಲ ತಿರುವು ಮುಗಿಯುವವರೆಗೆ ಲೇನ್‌ನಲ್ಲೇ ಓಡಿ, ಆಮೇಲೆ ಎಲ್ಲರೂ ಒಳಗೆ ಸೇರುವುದು, ಆ ನೂಕುನುಗ್ಗಲು, ಯಾರು ಯಾರ ಹೆಗಲಿಗೆ ಬರುತ್ತಾರೆ ಅನ್ನೋದು ಮೇಲಿನಿಂದ ಚೆನ್ನಾಗಿ ಕಾಣುತ್ತದೆ. ನನ್ನ ಮಗ ಅವತ್ತು ಎರಡು ದಿನಕ್ಕಾಗುವಷ್ಟು ಮಾತಾಡಿದ್ದ.

ಕಡೂರಿನ ಪಿಇ ಮೇಷ್ಟ್ರು:

ಮೇಡಂ, ಟೇಪ್ ಹಿಡಿದು ಅಳೆದ ವಿಷಯ ನಮ್ಮ ಎಂಟನೇ ಕ್ಲಾಸಿಗೆ ಓದಿ ಹೇಳಿದೆ. ನಾಳೆ ನಮ್ಮಲ್ಲೂ ಗೂಟ ಹೊಡೆಯುತ್ತೇವೆ.

ಶೂ ಬಗ್ಗೆ ಒಂದು ಮಾತು. ಸ್ಪೈಕ್ಸ್, ಅಂದರೆ ಅಡಿಯಲ್ಲಿ ಮೊಳೆ ಇರುವ ಓಟದ ಶೂ, ಈಗಲೇ ಕೊಡಿಸಬೇಡಿ. ಅದಕ್ಕೆ ಹಿಮ್ಮಡಿಯ ಮೆತ್ತೆ ಇರುವುದಿಲ್ಲ, ಇವಳ ನೋವಿಗೆ ಅದು ಕೆಟ್ಟದ್ದು. ಹಗುರವಾದ ರನ್ನಿಂಗ್ ಶೂ ಸಾಕು. ಬೆಳಿಗ್ಗೆಗಿಂತ ಸಂಜೆ ಹೊತ್ತು ಅಂಗಡಿಗೆ ಹೋಗಿ, ಪಾದ ಸ್ವಲ್ಪ ಹಿಗ್ಗಿರುತ್ತದೆ. ನಿಂತಾಗ ಬೆರಳಿನ ಮುಂದೆ ಒಂದು ಹೆಬ್ಬೆರಳು ಅಗಲ ಜಾಗ ಇರಲಿ. ಬೆಳೆಯುವ ಮಗು ಅಂತ ಎರಡು ಸೈಜ್ ದೊಡ್ಡದು ಕೊಡಿಸಬೇಡಿ, ಕಾಲು ಒಳಗೆ ಜಾರಿ ಗುಳ್ಳೆ ಬರುತ್ತದೆ.

ಇನ್ನೊಂದು, ಇದು ಮುಂದಿನ ವರ್ಷಕ್ಕೆ. ತಾಲ್ಲೂಕು ದಾಟಿ ಜಿಲ್ಲೆ, ವಿಭಾಗ, ರಾಜ್ಯ ಅಂತ ಹೋದ ಹಾಗೆ ವಯಸ್ಸಿನ ದಾಖಲೆ ಬಿಗಿ ಆಗುತ್ತದೆ. ಜನನ ಪ್ರಮಾಣ ಪತ್ರ ತೆಗೆದು ನೋಡಿ. ಎಷ್ಟೋ ಮಕ್ಕಳದರಲ್ಲಿ ಹೆಸರಿನ ಜಾಗ ಖಾಲಿ ಇರುತ್ತದೆ. ಶಾಲೆಯ ದಾಖಲೆ, ಆಧಾರ್, ಜನನ ಪ್ರಮಾಣ ಪತ್ರ ಮೂರರಲ್ಲೂ ಹೆಸರಿನ ಅಕ್ಷರ, ಹುಟ್ಟಿದ ತಾರೀಕು ಒಂದೇ ಇರಬೇಕು. ಇಲ್ಲದಿದ್ದರೆ ಈಗಲೇ ಸರಿ ಮಾಡಿಸಿ. ಕೂಟದ ಹಿಂದಿನ ದಿನ ಓಡಾಡಿದರೆ ಆಗುವ ಕೆಲಸ ಅಲ್ಲ ಅದು.